ಗೆದ್ದಲಿನ ಮುಖ ಹಿಡಿದ ರೊಸೆಲಿಡಾ

ಕಾಕಮೆಗಾ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ ಇದೆ. ಹಳೇ ಕ್ಯಾಮೆರಾ, ಲೆನ್ಸುಗಳನ್ನೂ ಮಾರುತ್ತೇನೆ. ಇಪ್ಪತ್ತು ವರ್ಷದಿಂದ ಪ್ರವಾಸಿಗರಿಗೆ ಹಕ್ಕಿ ತೋರಿಸುವ ಇಲ್ಲಿನ ಕಾಡಿನ ಗೈಡುಗಳಿಗೆಲ್ಲ ಲೆನ್ಸು ಕೊಟ್ಟವನು ನಾನೇ. ಹಾಗಾಗಿ ಈ ವಿಚಾರದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಆ ಜಂಬ ಇಳಿಸಿದವಳು ರೊಸೆಲಿಡಾ.

ಮೂವರು ಮೊಮ್ಮಕ್ಕಳ ಅಜ್ಜಿ. ನಮ್ಮ ಕಡೆ ಅಂಥವರನ್ನು ‘ಕುಖು’ ಎಂದು ಕರೆಯುತ್ತೇವೆ. ಹುತ್ತದ ಸುತ್ತ ಕೋಲಿನಿಂದ ನೆಲ ಬಡಿದು, ಮಳೆಯೇ ಬಂತೆಂದು ಗೆದ್ದಲನ್ನು ಯಾಮಾರಿಸಿ ಹೊರಗೆ ಬರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ರೆಕ್ಕೆಗೆದ್ದಲನ್ನು ಹುರಿದು, ಉಪ್ಪು ಹಾಕಿ ಸಂತೆಯಲ್ಲಿ ಮಾರುತ್ತಿದ್ದಳು. ಕಾಡಿನ ಒಂದೊಂದು ಹುಳದ ಹೆಸರೂ ನಡತೆಯೂ ಅವಳಿಗೆ ಗೊತ್ತು. ಅಂಥವಳು ತಾನೂ ಗೈಡಾಗುತ್ತೇನೆ ಎಂದು ಗೈಡುಗಳ ಸಂಘಕ್ಕೆ ಹೋದಾಗ ಅಧ್ಯಕ್ಷ, ಹಿರಿಯನೆಂದು ಎಲ್ಲರೂ ‘ಮ್ಜೇ’ ಎನ್ನುವ ಶಿಮೆಂಗಾ ಮೂಗು ಮುರಿದ.

“ಜನ ಬರೋದು ಹಕ್ಕಿ ನೋಡೋಕೆ ಕುಖು, ಹುಳ ತಿನ್ನೋಕಲ್ಲ. ಆದ್ರೂ ನಿಯಮ ಅಂದ್ರೆ ನಿಯಮ. ಪ್ರತಿ ಗೈಡೂ ತಾನು ತೋರಿಸೋದರ ಫೋಟೋ ತಾನೇ ತೆಗೆದು ತರ್ತಾನೆ. ನೀನೂ ತಾ. ಗೆದ್ದಲಿನ ಮೀಸೆ ಎಣಿಸೋ ಹಾಗಿರಬೇಕು. ಶನಿವಾರದ ಸಭೆಗೆ ತಂದ್ರೆ ಗೈಡಿನ ಬಿಲ್ಲೆ ಕೊಡ್ತೀನಿ. ಇಲ್ಲಾಂದ್ರೆ ನಿನ್ನ ಬುಟ್ಟಿ, ನಿನ್ನ ಸಂತೆ.”

ಮರುದಿನವೇ ನನ್ನ ಅಂಗಡಿಗೆ ಬಂದಳು. ಹಳೆಯದೊಂದು ಕ್ಯಾಮೆರಾಕ್ಕೆ, ಎಲ್ಲ ಗೈಡುಗಳಿಗೂ ಕೊಡುವಂತೆ, ಮೊಣಕೈಯುದ್ದದ ಲೆನ್ಸು ಸಿಕ್ಕಿಸಿ ಮುಂದಿಟ್ಟೆ. ವಸ್ತು ಎಷ್ಟು ಚಿಕ್ಕದೋ ಲೆನ್ಸು ಅಷ್ಟು ದೊಡ್ಡದು, ನನ್ನ ಲೆಕ್ಕ ಅಷ್ಟೇ. ಅವಳು ಸೆರಗಿನ ಗಂಟು ಬಿಚ್ಚಿ, ಕೆಂಪು ತಲೆಯ ಜೀವಂತ ಕಾವಲುಗೆದ್ದಲೊಂದನ್ನು ನನ್ನ ಮೇಜಿನ ಮೇಲೆ ಬಿಟ್ಟಳು.

“ಇದೇನಮ್ಮಾ!”

“ಸಂತೇಲಿ ನನ್ನ ಬುಟ್ಟಿಯಿಂದ ಹಿಡಿ ತೆಗೆದು ಬಾಯಿಗೆ ಹಾಕ್ಕೊಳ್ದೆ ಒಬ್ರಾದ್ರೂ ಕೊಂಡಿದ್ದಾರಾ? ನಾನೂ ರುಚಿ ನೋಡಿಯೇ ಕೊಳ್ಳೋದು.”

ಕ್ಯಾಮೆರಾ ಕಣ್ಣಿಗೆ ಹಿಡಿದಳು. ಕಂಡದ್ದು ಬರೀ ಮಂಜು.

“ಕೈ ನಡುಗ್ತಿದೆ ಕುಖು. ವಯಸ್ಸಾಯ್ತಲ್ಲ,” ಎಂದೆ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಲೆನ್ಸಿಗೆ ಬರಲ್ಲ, ನನ್ನ ಕೈ ಡೊಂಕು!”

ಅವಳು ಹೇಳಿದ್ದು ನಿಜ. ಆಳುದ್ದಕ್ಕಿಂತ ಹತ್ತಿರದ್ದು ಆ ಲೆನ್ಸಿಗೆ ಕಾಣುವುದೇ ಇಲ್ಲ. ಮರದ ತುದಿಯ ಹಕ್ಕಿಯನ್ನೇ ನೋಡುವ ಊರಿನಲ್ಲಿದ್ದು, ಕಾಲ ಬಳಿಯದನ್ನು ನೋಡಲು ನಾನು ಕಲಿತೇ ಇರಲಿಲ್ಲ.

ನಾಲ್ಕು ಲೆನ್ಸು ಬೇಡವೆಂದಳು. ಕೊನೆಗೆ, ಯಾರೂ ಕೇಳದೆ ಧೂಳು ತಿನ್ನುತ್ತಿದ್ದ ಹಳೇ ಗಿಡ್ಡ ಲೆನ್ಸನ್ನು ಎತ್ತಿಕೊಂಡು, ಉಲ್ಟಾ ಹಿಡಿದು ಗೆದ್ದಲಿನ ಮೇಲೆ ಬಗ್ಗಿದಳು.

“ಈ ಕಡೆಯಿಂದ ಮುಖ ಕಾಣ್ತದೆ. ಹೀಗೇ ಹಾಕು.”

“ತಲೆಕೆಳಗು ಹಾಕೋದಾ? ನಗ್ತಾರೆ ಜನ!”

“ನಗೋರ ಹಲ್ಲು ಅವರದು. ನೀನು ಹಾಕು.”

ಮೂಲೆಯ ಡಬ್ಬಿಯಲ್ಲಿದ್ದ, ಲೆನ್ಸು ಜೋಡಿಸುವ ಲೋಹದ ಬಳೆಯೊಂದನ್ನು ತಿರುಪಿ ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದೆ. ಕ್ಯಾಮೆರಾದ ಪರದೆಯಲ್ಲಿ ಗೆದ್ದಲಿನ ದವಡೆ ಕುಡುಗೋಲಿನಷ್ಟು ಕಂಡಿತು. ನನಗೆ ನಾಚಿಕೆಯಾಯಿತು, ಕೋಪವೂ ಬಂತು. ಮರ್ಯಾದೆ ಉಳಿಸಿಕೊಳ್ಳಲು ಮೂರು ಕಾಲಿನ ಸ್ಟ್ಯಾಂಡು ತೋರಿಸಿದೆ.

“ನೀನು ಮೂರು ಕಾಲು ನೆಡೋವರೆಗೂ ಹುಳ ನಿಂತಿರ್ತದಾ?” ಎಂದಳು. ಕಿಟಕಿಯ ಬಿಸಿಲಿಗೆ ಹೊಳೆಯುವ ಗೆದ್ದಲಿನ ತಲೆಯ ಮೇಲೆ ಬೆಳಕು ಮೆತ್ತಗೆ ಬೀಳಲೆಂದು ತನ್ನ ತೆಳು ಬಿಳಿ ತಲೆವಸ್ತ್ರವನ್ನೇ ಅಡ್ಡ ಹಿಡಿದಳು. ಅಲ್ಲಿಗೆ ಅವಳ ಖರೀದಿ ಮುಗಿಯಿತು.

ಶನಿವಾರದ ಸಭೆಗೆ ನಾನೂ ಹೋದೆ. ಅವಳು ತೆಗೆದ ಗೆದ್ದಲಿನ ಫೋಟೋವನ್ನು ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಶಿಮೆಂಗಾ ಮಾತ್ರ ನನ್ನತ್ತ ಕೈ ತೋರಿಸಿದ.

“ಇದು ಈ ಸ್ಟುಡಿಯೊದವನ ಕೈಚಳಕ. ಬುಟ್ಟಿ ಹೊರೋಳಿಗೆ ಇದೆಲ್ಲ ಬರ್ತದಾ?”

ನನ್ನ ಮೈ ಉರಿದುಹೋಯಿತು. ಎದ್ದು ಜಗಳಕ್ಕೆ ನಿಂತ ನನ್ನ ಅಂಗಿ ಜಗ್ಗಿ ಕೂರಿಸಿ, ಅವಳು ಕ್ಯಾಮೆರಾ ಎತ್ತಿಕೊಂಡು ಸಂಘದ ಕಚೇರಿಯ ಹಿಂದಿನ ಹುತ್ತದ ಬಳಿಗೆ ನಡೆದಳು. ಸಭೆ ಪೂರ್ತಿ ಹಿಂದೆಯೇ ಹೋಯಿತು. ತಲೆವಸ್ತ್ರವನ್ನು ನನ್ನ ಕೈಗೆ ಕೊಟ್ಟು ಬಿಸಿಲಿಗೆ ಅಡ್ಡ ಹಿಡಿಯಲು ಹೇಳಿದಳು. ಕುಕ್ಕರಗಾಲಲ್ಲಿ ಕೂತು ಎರಡು ಕೋಲಿನಿಂದ ನೆಲ ಬಡಿಯತೊಡಗಿದಳು. ಬಹಳ ಹೊತ್ತಿನ ಮೇಲೆ ಕಾವಲುಗೆದ್ದಲು ಹೊರಬಂದವು. ಎಡಗೈ ಬೆರಳನ್ನು ಒಂದರ ಮುಂದೆ ಚಾಚಿದಳು. ಅದು ಕಚ್ಚಿಹಿಡಿಯಿತು. ರಕ್ತ ಒಸರಿತು.

“ಇನ್ನು ಇದು ಅಲ್ಲಾಡಲ್ಲ,” ಎಂದವಳೇ ಆ ಕೈಯನ್ನು ಲೆನ್ಸಿಗೆ ಒತ್ತಿಟ್ಟು, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ ಗುಂಡಿ ಒತ್ತಿದಳು. ಪರದೆಯನ್ನು ಶಿಮೆಂಗಾನ ಮೂಗಿಗೆ ಹಿಡಿದಳು. “ಎಣಿಸು.”

ಅವನು ಎಣಿಸಲಿಲ್ಲ. ಜೇಬಿನಿಂದ ಬಿಲ್ಲೆ ತೆಗೆದು, ಏನೋ ಗೀಚಿ ಕೊಟ್ಟ. ‘ಸಹಾಯಕ ಗೈಡ್’ ಎಂದಿತ್ತು.

“ಯಾರಿಗೆ ಸಹಾಯ?”

“ಒಬ್ಬ ಗಂಡು ಗೈಡ್ ಜೊತೆಗಿರ್ತಾನೆ ಕುಖು. ನೀನು ಹಿಂದೆ ಹಿಂದೆ...”

“ಅವನಿಗೆ ಎಷ್ಟು ಹುಳದ ಹೆಸರು ಗೊತ್ತು?”

ಬಿಲ್ಲೆಯನ್ನು ಶಿಮೆಂಗಾನ ಕೈಗೇ ತುರುಕಿ ಅವಳು ಕಚೇರಿಯೊಳಗೆ ಹೋದಳು. ನಾವು ಬಾಗಿಲಿಗೆ ಬರುವಷ್ಟರಲ್ಲಿ, ರಕ್ತದ ಬೆರಳನ್ನು ಮಡಿಲಲ್ಲಿಟ್ಟುಕೊಂಡು ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಳು.

“ಸರಿಯಾಗಿ ಬರೆದು ಕೊಡು. ಅಲ್ಲೀವರೆಗೂ ಇದು ನನ್ನ ಜಾಗ.”

ಮ್ಜೇ ಶಿಮೆಂಗಾ ಸುತ್ತ ನೋಡಿದ. ಅವನ ಪರವಾಗಿ ಒಬ್ಬನೂ ಕೆಮ್ಮಲಿಲ್ಲ. ಹೊಸ ಬಿಲ್ಲೆಯನ್ನು ಅವನು ನಿಂತುಕೊಂಡೇ ಬರೆದ.