ನಾಯಿಯ ಕೀಮೋಗೆ ಅಮ್ಮನ ಮಡಿ

ನಮ್ಮ ಜಯನಗರದ ಮನೆಯಲ್ಲಿ ನಾಯಿ ಅಮ್ಮನ ಸೀರೆಗೆ ತಾಗಿದರೆ ಸಾಕು, "ಗೀಸರ್ ಹಾಕೇ!" ಎಂಬ ಕೂಗು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಎಂಬತ್ತರ ಹತ್ತಿರದ ಹೆಂಗಸು ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಹಾಕಿಕೊಂಡು ಸೀನುತ್ತಾ ಕೂರುವುದನ್ನು ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಮರಿಯಾಗಿದ್ದಾಗ ಬೀದಿಯಿಂದ ನಾನೇ ಎತ್ತಿಕೊಂಡು ಬಂದ ನಾಯಿ ಅವನು. ಸಾಕಿದವಳು ನಾನು, ಅನ್ನ ಹಾಕಿದವಳು ನಾನು. ಆದರೆ ಅವನು ಬಾಲ ಅಲ್ಲಾಡಿಸಿಕೊಂಡು ಹಿಂದೆ ಹಿಂದೆ ಸುತ್ತುತ್ತಿದ್ದುದು ಮಾತ್ರ ಅಮ್ಮನ ಹಿಂದೆ.

ಹೋದ ವರ್ಷ ಅವನ ಹೊಟ್ಟೆಯ ಮೇಲೆ ಕೆಂಪು ಮಚ್ಚೆಗಳೆದ್ದು ಹೊಟ್ಟು ಉದುರತೊಡಗಿತು. ಕಪ್ಪು ಮೂಗು ಬಿಳಚಿಕೊಂಡಿತು. ಕೆರೆದೂ ಕೆರೆದೂ ರಕ್ತ ಬರಿಸಿಕೊಳ್ಳುತ್ತಿದ್ದ. ಅಲರ್ಜಿ ಇರಬೇಕೆಂದು ಶಾಂಪೂ, ಮುಲಾಮು ಎಲ್ಲಾ ಆಯಿತು. ಕೊನೆಗೆ ಜೆ.ಪಿ. ನಗರದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಲಿಂಫೋಮಾ, ಚರ್ಮದ ಕ್ಯಾನ್ಸರ್ ಎಂದು ಗೊತ್ತಾಯಿತು.

"ಪೂರ್ತಿ ವಾಸಿ ಆಗುತ್ತೆ ಅಂತ ಸುಳ್ಳು ಹೇಳಲ್ಲ ಮೇಡಂ. ಕೀಮೋ ಹಿಡಿದ್ರೆ ಒಳ್ಳೆ ದಿನಗಳು ಸಿಗುತ್ತೆ," ಎಂದರು. ಮೂರು ವಾರಕ್ಕೊಂದು ಕ್ಯಾಪ್ಸೂಲ್, ಪ್ರತಿ ಸಲ ಅದಕ್ಕೆ ಮುಂಚೆ ರಕ್ತ ಪರೀಕ್ಷೆ. ನಾನು ಅಲ್ಲೇ ಕೂತು ಅತ್ತೆ.

ಮನೆಗೆ ಬಂದು ಅಮ್ಮನಿಗೆ ನಿಯಮಗಳನ್ನು ಹೇಳಿದೆ. ಕ್ಯಾಪ್ಸೂಲನ್ನು ನಾವು ಬರಿಗೈಯಲ್ಲಿ ಮುಟ್ಟಬಾರದು, ಅವನು ಅಗಿಯಬಾರದು. ಕೊಟ್ಟ ಮೇಲೆ ಕೆಲವು ದಿನ ಅವನ ಎಂಜಲು, ಉಚ್ಚೆ ಯಾವುದನ್ನೂ ಗ್ಲೌಸ್ ಇಲ್ಲದೆ ಮುಟ್ಟುವಂತಿಲ್ಲ. ತಟ್ಟೆ ಬೇರೆ ತೊಳೆಯಬೇಕು, ಹಾಸಿಗೆ ಬಟ್ಟೆ ಬೇರೆ ಒಗೆಯಬೇಕು. ಅಮ್ಮ ರೇಗುತ್ತಾಳೆಂದು ಕಾದೆ. ಅವಳ ಮುಖ ಅರಳಿತು.

"ಅಷ್ಟೇನಾ? ಇದನ್ನ ನಾನು ಹುಟ್ಟಿದಾಗಿಂದ ಮಾಡ್ತಿದೀನಿ ಕಣೇ. ನಿನ್ನ ಕೈಲಾಗಲ್ಲ, ಎಲ್ಲಾ ಕಲಸುಮೇಲೋಗರ ಮಾಡಿಡ್ತೀಯ. ನಂಗೆ ಬಿಡು."

ಬಿಟ್ಟೆ. ಅಮ್ಮ ಅವನಿಗೊಂದು ಬಕೆಟ್, ಬಟ್ಟೆ ಒಣಗಿಸಲು ಬೇರೆ ಹಗ್ಗ, ಅವನ ಟವಲನ್ನು ದೂರದಿಂದಲೇ ಎತ್ತಲು ಹಳೆಯ ಕೋಲು ಎಲ್ಲವನ್ನೂ ಗೊತ್ತುಮಾಡಿದಳು. ನಾನು ಒಗ್ಗರಣೆ ಹಾಕುವಾಗ ಬಂದು, "ಆ ತಟ್ಟೆ ಮುಟ್ಟಿದ್ಯಾ? ಕೈ ತೊಳ್ದ್ಯಾ?" ಎಂದು ಪ್ರಾಣ ತಿನ್ನುತ್ತಿದ್ದಳು.

ಕ್ಯಾಪ್ಸೂಲ್ ನುಂಗಿಸುವುದು ಮಾತ್ರ ನನ್ನ ಪಾಲಿನದು. ಬ್ರೆಡ್ಡಿನಲ್ಲಿಟ್ಟು ಕೊಟ್ಟೆ. ಬ್ರೆಡ್ ತಿಂದು ಕ್ಯಾಪ್ಸೂಲನ್ನು ನೆಲಕ್ಕೆ ಉಗುಳಿದ. ಇಡ್ಲಿಯಲ್ಲಿಟ್ಟೆ, ಮತ್ತೆ ಉಗುಳಿದ. ಅದು ಮೆತ್ತಗಾಗಿ ಒಡೆದರೆ ಮುಗಿಯಿತು. ಗ್ಲೌಸ್ ಹಾಕಿದ್ದ ಕೈಯಲ್ಲಿ ಅದನ್ನು ಹೆಕ್ಕಿಕೊಂಡೆ.

"ಸರಿ ಆ ಕಡೆ," ಎಂದು ಅಮ್ಮ ಗ್ಲೌಸ್ ಹಾಕಿಕೊಂಡು ಬಂದಳು. ಮೆತ್ತಗೆ ಮೊಸರನ್ನ ಕಲಸಿ ಮೂರು ಕೈತುತ್ತು ಮಾಡಿದಳು. ಮೊದಲನೆಯದು ಬರೀ ಅನ್ನ, ಎರಡನೆಯದರೊಳಗೆ ಕ್ಯಾಪ್ಸೂಲ್. ಅದನ್ನು ಕೊಡುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿದಳು. ನಾವು ಮಕ್ಕಳಾಗಿದ್ದಾಗ ಜ್ವರದ ಮಾತ್ರೆ ನುಂಗಿಸಿದ್ದೂ ಇದೇ ಉಪಾಯದಿಂದ. ಅಮ್ಮ ಅವನಿಗೆ ಕೈಯಾರೆ ತಿನ್ನಿಸಿದ್ದು ಅದೇ ಮೊದಲು. ಅಗಿಯುವುದನ್ನೇ ಮರೆತು ಗುಳುಂ ಎಂದು ನುಂಗಿಬಿಟ್ಟ. ನನಗೆ ಕುಣಿಯುವಷ್ಟು ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ಗೀಸರ್ ಹಾಕೇ!" ಎಂದಳು ಅಮ್ಮ, ಎದ್ದು.

ಹಾಗೇ ಕೆಲವು ಸುತ್ತು ನಡೆಯಿತು. ಮಚ್ಚೆಗಳು ಒಣಗಿದವು, ಹೊಟ್ಟೆಯ ಮೇಲೆ ಹೊಸ ಕೂದಲು ಬಂತು, ಮೂಗು ಮತ್ತೆ ಕಪ್ಪಾಯಿತು. ಮೊನ್ನೆ ಅಮ್ಮನೂ ಕ್ಲಿನಿಕ್ಕಿಗೆ ಬಂದಳು.

"ಸಖತ್ತಾಗಿ ಹಿಡಿದಿದೆ ಅಜ್ಜಿ," ಎಂದರು ಡಾಕ್ಟರಮ್ಮ.

"ಗ್ಲೌಸ್ ಇನ್ನೂ ಬೇಕೇನಮ್ಮಾ?"

"ನಾಳೆ ಮಾತ್ರೆ ಕೊಡುವಾಗ ಹಾಕ್ಕೊಳಿ. ಹೋದ ಸಲದ್ದು ಕೊಟ್ಟು ಮೂರು ವಾರ ಆಯ್ತಲ್ಲ, ಇವತ್ತು ಬರಿಗೈಲೇ ಮುಟ್ಟಬಹುದು."

ಮನೆಗೆ ಬಂದ ಅಮ್ಮ ಬರಿಗೈಯಲ್ಲಿ ಮೊಸರನ್ನ ಕಲಸಿ ಅವನನ್ನು ಕರೆದಳು. ಅವನು ತಿಂದು, ಅವಳ ಕೈಯನ್ನು ಬಳೆಯವರೆಗೂ ನೆಕ್ಕಿ, ಸೀರೆಯ ಮೇಲೆ ತಲೆಯಿಟ್ಟು ಬಿದ್ದುಕೊಂಡ. ನಾನು ರೂಢಿಯಂತೆ ಓಡಿಹೋಗಿ ಸ್ವಿಚ್ ಒತ್ತಿ ಬಂದೆ. ಅಮ್ಮ ಅವನ ಹೊಟ್ಟೆಯ ಹೊಸ ಕೂದಲನ್ನು ಸವರುತ್ತಿದ್ದಳು.

"ಗೀಸರ್ ಯಾಕೆ ಹಾಕ್ದೆ? ಕರೆಂಟ್ ದಂಡ. ಆರಿಸು ಹೋಗು."