ನುಂಗಬಾರದ ಮಾತ್ರೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚೊಚ್ಚಲ ಬಸುರಿಯಾಗಿ ಸಿರುಗುಪ್ಪದ ಅತ್ತೆಮನೆಯಲ್ಲಿದ್ದೆ. ನನ್ನ ಹೊಟ್ಟೆ ಕಂಡು ಓಣಿಯವರೆಲ್ಲ ಸಂಭ್ರಮಪಡುತ್ತಿದ್ದರೆ, ನನಗೆ ಮಾತ್ರ ಕೆಳಗೆ ತಡೆಯಲಾರದ ತುರಿಕೆ, ಉರಿ, ಒಡೆದ ಹಾಲಿನಂಥ ಬಿಳುಪು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಇದರಿಂದ ಕೂಸಿಗೆ ಏನಾದರೂ ಆದರೆ ಎಂಬ ಭಯ ಬೇರೆ.

ಮಾವ, ಮೈದುನರು ಓಡಾಡುವ ಮನೆ. ಹೆಂಗಸರ ಒಳಲಂಗ ಗಂಡಸರ ಕಣ್ಣಿಗೆ ಬೀಳಬಾರದೆಂಬ ಕಟ್ಟಳೆ. ಬಚ್ಚಲ ಹಿಂದಿನ ಕತ್ತಲಲ್ಲಿ ಹಗ್ಗಕ್ಕೆ ಹಾಕಿ, ಮೇಲೆ ಹಳೇ ಸೀರೆ ಹೊದಿಸಬೇಕು. ಸಿರುಗುಪ್ಪದ ಬಿಸಿಲಿಗೆ ಮೆಣಸಿನಕಾಯಿ ಒಣಗುತ್ತಿತ್ತು, ಹಪ್ಪಳ ಒಣಗುತ್ತಿತ್ತು. ನಮ್ಮ ಲಂಗ ಒಣಗುತ್ತಿರಲಿಲ್ಲ. ತೇವದ್ದನ್ನೇ ಉಟ್ಟುಕೊಳ್ಳುತ್ತಿದ್ದೆವು.

ಅತ್ತೆಗೆ ಹೇಳಿಕೊಂಡೆ. "ಮೈಯಾಗ ಕಾವು ಆಗೇತಿ" ಎಂದು ಮಜ್ಜಿಗೆ ಕುಡಿಸಿದರು. ಬೇವಿನ ನೀರಲ್ಲಿ ತೊಳೆದುಕೊಳ್ಳಲು ಹೇಳಿದರು, ಉರಿ ಇಮ್ಮಡಿಯಾಯಿತು. ಒಂದು ದಿನ ರೇಗಿ, "ಅತ್ತೀ, ಇನ್ನ ನನ್ನ ಕೈಲಿ ಆಗಂಗಿಲ್ಲ, ಬಳ್ಳಾರಿಗೆ ಕರ್ಕೊಂಡು ಹೋಗ್ರಿ" ಎಂದುಬಿಟ್ಟೆ. ಅವರು ತಲೆಗೆ ಸೆರಗು ಹೊದ್ದು ಬಸ್ಸಿಗೆ ಹೊರಟರು.

ಸತ್ಯನಾರಾಯಣಪೇಟೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ಇದು ಬೂಷ್ಟಿನ ಜಾತಿಯ ಸೋಂಕು, ಬಸುರಿಯರಿಗೆ ಬರುವುದು ಮಾಮೂಲು, ಕೂಸಿನ ಬಗ್ಗೆ ಹೆದರಬೇಕಿಲ್ಲ ಎಂದರು. ಅಷ್ಟು ಕೇಳಿಯೇ ನನ್ನ ಅರ್ಧ ಕಾಯಿಲೆ ಹೋಯಿತು. ಮದ್ದು ಎರಡಿತ್ತು. ಒಂದು ಅವರೇ ಒಳಗೆ ಹಚ್ಚುವ ನೇರಳೆ ಔಷಧ. ಇನ್ನೊಂದು ಹೊಸದಾಗಿ ಬಂದಿದ್ದ ಮಾತ್ರೆ, ಮಲಗುವಾಗ ನಾವೇ ಬೆರಳಿನಿಂದ ಒಳಗಿಟ್ಟುಕೊಳ್ಳುವಂಥದ್ದು. "ನುಂಗಬ್ಯಾಡ್ರಿ ಮತ್ತ" ಎಂದು ನಕ್ಕರು.

ಅತ್ತೆ ನೇರಳೆಯ ಪಕ್ಷ. "ಅದಾದ್ರ ಬಣ್ಣ ಕಾಣತೈತಿ, ಔಷಧ ಹತ್ತೇತಿ ಅಂತ ಗೊತ್ತಾಗತೈತಿ. ಈ ಮಾತ್ರಿ ಒಳಗ ಹೋಗಿ ಕೂಸಿಗೆ ತಾಕಿದ್ರ?"

"ಗರ್ಭದ ಬಾಯಿ ಮುಚ್ಚಿರತೈತ್ರಿ. ಮಾತ್ರಿ ಕೆಳಗ ಕರಗತೈತಿ, ಕೂಸಿನ ತನಕ ಹೋಗಂಗಿಲ್ಲ" ಎಂದರು ಡಾಕ್ಟರಮ್ಮ.

ನೇರಳೆ ಕಲೆಯಾದ ಲಂಗವನ್ನು ಉಜ್ಜುತ್ತ ಕೂರುವುದನ್ನು ನೆನೆದೇ ನನಗೆ ಸಾಕಾಗಿತ್ತು. ಮಾತ್ರೆಯೇ ಇರಲಿ ಎಂದೆ. ನನ್ನ ಸೀರೆಯನ್ನೂ ಅತ್ತೆಯೇ ಆರಿಸುತ್ತಿದ್ದ ಕಾಲ. ಅವರೆದುರು ನಾನೇ ಆರಿಸಿಕೊಂಡ ಮೊದಲ ವಸ್ತು ಅದು. ಒಳಗೊಳಗೇ ಹಿಗ್ಗಿದೆ.

ಚೀಟಿ ಬರೆಯುತ್ತ ಡಾಕ್ಟರಮ್ಮ, "ಲಂಗ ಎಲ್ಲಿ ಒಣಗಿಸ್ತೀರಿ?" ಎಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನೆಲ ನೋಡಿದರು.

"ಬಿಸಿಲಿಗೆ ಹಾಕ್ರಿ. ಹಸಿ ಬಟ್ಟಿ ಉಟ್ಕೊಂಡ್ರ ಇದು ಮತ್ತ ಬರತೈತಿ."

ಎದ್ದು ಬಾಗಿಲ ತನಕ ಬಂದಿದ್ದೆವು. ಅತ್ತೆ ನಿಂತರು. ತಿರುಗಿ, ಸಣ್ಣ ದನಿಯಲ್ಲಿ, "ವಯಸ್ಸಾದೋರಿಗೂ ಇದು ಬರತೈತೇನ್ರಿ?" ಎಂದರು.

ಡಾಕ್ಟರಮ್ಮ ಅವರನ್ನು ಪರದೆಯ ಹಿಂದೆ ಕರೆದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ನನಗೆ ಮಜ್ಜಿಗೆ ಕೊಡುವಾಗೆಲ್ಲ ಅವರೂ ಒಂದು ಲೋಟ ಕುಡಿಯುತ್ತಿದ್ದುದು ಆಗ ನೆನಪಾಯಿತು. ಎಷ್ಟು ವರ್ಷದಿಂದ ಹಾಗೆ ಕುಡಿಯುತ್ತಿದ್ದರೋ. ಊರಿಗೆ ಮರಳುವಾಗ ಅವರ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು.

ವಾರ ಕಳೆಯುವಷ್ಟರಲ್ಲಿ ನನ್ನ ತುರಿಕೆ ಮಾಯವಾಯಿತು. ಆದರೆ ಅತ್ತೆ ಅಷ್ಟು ದಿನ ಕಾಯಲಿಲ್ಲ. ಬಳ್ಳಾರಿಯಿಂದ ಬಂದ ಮರುದಿನವೇ ತಾವೇ ಮಾಳಿಗೆ ಹತ್ತಿ ಬಿಸಿಲಲ್ಲಿ ಹಗ್ಗ ಕಟ್ಟಿದರು. ಮಾವ ಅಂಗಳದಿಂದ, "ಏನಿದು, ಊರ ಮಂದಿಯೆಲ್ಲ ನೋಡಾಕ?" ಎಂದು ಕೂಗಿದರು.

"ನೋಡೋರು ಬೇಕಾದ್ರ ಕಣ್ಣ ಮುಚ್ಕೊಳ್ಳಲಿ" ಎಂದರು ಅತ್ತೆ, ನನ್ನ ಲಂಗದ ಪಕ್ಕ ತಮ್ಮದನ್ನೂ ಹರವುತ್ತ.