ಹುಚ್ಚೆಳ್ಳೆಣ್ಣೆ ಬಿಟ್ಟ ಪಿಸ್ತೂಲು

ಮಾದೇವಮ್ಮ, ಆ ದಿನ ನಿನ್ನ ಗಂಡ ಸಿದ್ದಪ್ಪ ಕುಡಿದಿರಲಿಲ್ಲ. ಪಿಸ್ತೂಲು ಕೆಟ್ಟಿತ್ತು. ಕೆಡಿಸಿದವನು ನಾನು — ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ಕೋವಿ ರಿಪೇರಿ ಅಂಗಡಿ ಇಟ್ಟಿದ್ದ, ನೀನು ಬಾಯಿತುಂಬ ಅಣ್ಣ ಎಂದು ಕರೆದ, ನಾನೇ. ಇಷ್ಟು ಹೇಳಲು ನನಗೆ ಮುಪ್ಪು ಬರಬೇಕಾಯಿತು.

ಐವತ್ತರ ದಶಕದ ಮಾತು. ಸಿದ್ದಪ್ಪ ಪಟಾಲಮ್ಮಿನಿಂದ ಹಾರನಹಳ್ಳಿಗೆ ಮರಳುವಾಗ ಎರಡನ್ನು ಜೊತೆಗೆ ತಂದಿದ್ದ — ಗುರಿ, ಮತ್ತು ಕುಡಿತ. ಕುಡಿತವನ್ನು ಮಗಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟ. ಮತ್ತೆ ಕುಡಿದರೆ ಮಗಳನ್ನೆತ್ತಿಕೊಂಡು ತವರಿಗೆ ಹೋಗುವೆನೆಂದು ನೀನು ಹೇಳಿದ್ದೆ. ಗುರಿಯನ್ನು ಉಳಿಸಿಕೊಂಡ. ಮೈಸೂರಿನ ಪಿಸ್ತೂಲು ಪಂದ್ಯಕ್ಕೆ ಹೋಗುವ ಬೇಸಾಯಗಾರ ನಮ್ಮ ಕಡೆ ಅವನೊಬ್ಬನೇ. ನನಗೆ ಅವನ ಮೇಲೆ ಅಕ್ಕರೆಯಿತ್ತು — ಇದನ್ನು ನೀನು ನಂಬಬೇಕಾಗಿಲ್ಲ.

ಪಂದ್ಯಕ್ಕೆ ಇನ್ನೂ ದಿನವಿರುವಾಗಲೇ ಪಿಸ್ತೂಲು ತಂದ. "ಕುದ್ರೆ ಬಿಗಿ ಕಣಣ್ಣ. ಎಳುದ್ರೆ ಕೈಯೇ ಅಲ್ಲಾಡ್ತದೆ" ಎಂದ. ಬಿಚ್ಚಿದೆ. ಒಳಗೆ ಗುಂಡಿಗೆ ಬಡಿಯುವ ಸುತ್ತಿಗೆಯನ್ನು ತಡೆದು ನಿಲ್ಲಿಸುವ ಪುಟ್ಟ ಕೊಕ್ಕೆಯೊಂದಿರುತ್ತದೆ. ಬೆರಳಿನಿಂದ ಕುದುರೆ, ಅಂದರೆ ಟ್ರಿಗರ್, ಎಳೆದಾಗ ಕೊಕ್ಕೆ ಜಾರಿ ಗುಂಡು ಹಾರುತ್ತದೆ. ಆ ಕೊಕ್ಕೆಯನ್ನು ಸಾಣೆಗೆ ಹಿಡಿದು ನಯ ಮಾಡಿದೆ. ಇನ್ನು ಎಣ್ಣೆ ಬಿಡಬೇಕು — ಮೆಷಿನ್ ಎಣ್ಣೆ ಮುಗಿದಿತ್ತು. ಮೈಸೂರಿನಿಂದ ತರಿಸಬಹುದಿತ್ತು. ತರಿಸಲಿಲ್ಲ. ಮನೆಯಿಂದ ಹುಚ್ಚೆಳ್ಳೆಣ್ಣೆ ತಂದು ಬಿಟ್ಟೆ. ಬೀಗಕ್ಕೆ, ಕತ್ತರಿಗೆ, ಬಾಗಿಲ ಕೀಲಿಗೆ ನಾವು ಹಾಕುತ್ತಿದ್ದದ್ದು ಅದೇ ತಾನೇ. ಒಣಗಿದರೆ ಅದು ಗೋಂದಿನ ಹಾಗೆ ಅಂಟಾಗುತ್ತದೆಂದು ಎಣ್ಣೆ ಡಬ್ಬ ಉಜ್ಜುವ ಯಾವ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು. ಕುದುರೆಗೆ ತೂಕದ ಕಲ್ಲು ತೂಗುಬಿಟ್ಟು ನೋಡಿದೆ. ಎಷ್ಟು ತೂಕಕ್ಕೆ ಬೇಕೋ ಅಷ್ಟಕ್ಕೇ ಸರಿಯಾಗಿ ಕೊಕ್ಕೆ ಜಾರಿತು. ನನ್ನ ಕೈಗೆ ನಾನೇ ಶಹಬಾಸ್ ಅಂದುಕೊಂಡು ಕೊಟ್ಟು ಕಳಿಸಿದೆ.

ಪಂದ್ಯದ ದಿನ ಅವನು ಗುಂಡು ತುಂಬಿ ಮುಚ್ಚುತ್ತಿದ್ದಂತೆಯೇ ಪಿಸ್ತೂಲು ತಾನಾಗಿ ಸಿಡಿಯಿತು. ಗುಂಡು ಪಂದ್ಯ ನಡೆಸುವವರೊಬ್ಬರ ಕಾಲ ಪಕ್ಕದ ಮಣ್ಣಿಗೆ ಹೊಕ್ಕಿತು. ಯಾರಿಗೂ ಏಟಾಗಲಿಲ್ಲ, ಆದರೆ ಅವನನ್ನು ಅಲ್ಲಿಂದಲೇ ಆಚೆಗೆ ಕಳಿಸಿದರು. ಅವನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು — ಸಿದ್ದಪ್ಪ ಮತ್ತೆ ಕುಡಿಯುತ್ತಿದ್ದಾನೆ, ಕೈ ನಡುಗಿ ಹಾರಿಸಿಬಿಟ್ಟ.

ನೀವಿಬ್ಬರೂ ನನ್ನಲ್ಲಿಗೆ ಬಂದಿರಿ. ಮಗಳು ನಿನ್ನ ಕಂಕುಳಲ್ಲಿ ನಿದ್ದೆ ಮಾಡುತ್ತಿದ್ದಳು.

"ನನ್ನ ಬೆಳ್ಳು ಕುದ್ರೆ ಮ್ಯಾಲೆ ಇರ್ನೇ ಇಲ್ಲ ಕಣಣ್ಣ. ವಸಿ ಬಿಚ್ಚಿ ನೋಡಿ" ಎಂದ ಅವನು.

"ನೀವು ಎಂಗೇಳ್ತೀರೋ ಅಂಗೆ ಅಣ್ಣ. ನಾನು ಇನ್ಯಾರ್ ಮಾತೂ ಕೇಳಾಕಿಲ್ಲ" ಎಂದೆ ನೀನು.

ಒಳಗೆ ಹೋಗಿ ಬಿಚ್ಚಿದೆ. ಕೊಕ್ಕೆಯ ಬುಡದಲ್ಲಿ ಹಳದಿ ಅಂಟು. ಕೊಕ್ಕೆ ಪೂರ್ತಿ ಕೂರುತ್ತಲೇ ಇರಲಿಲ್ಲ; ಮುಚ್ಚಿದ ಅಲುಗಾಟಕ್ಕೇ ಜಾರುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರು ತಮ್ಮ ಕೋವಿಯೊಂದಿಗೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವರ ಮುಂದೆ ಹುಚ್ಚೆಳ್ಳೆಣ್ಣೆಯ ಮಾತೆತ್ತುವುದೇ? ಅಂಗಡಿಯ ಹೆಸರು ಹೋಗುತ್ತಿತ್ತು. ಸೀಮೆಎಣ್ಣೆ ಸುರಿದು ಅಂಟನ್ನು ತೊಳೆದೆ. ಜೋಡಿಸಿದೆ. ಹೊರಗೆ ತಂದು, ನಿನ್ನ ಕಣ್ಣೆದುರಿಗೇ ತೂಕದ ಕಲ್ಲು ತೂಗುಬಿಟ್ಟು ತೋರಿಸಿದೆ. ಕೊಕ್ಕೆ ಭದ್ರವಾಗಿ ನಿಂತಿತು.

"ಪಿಸ್ತೂಲಲ್ಲಿ ಏನೂ ಐಬಿಲ್ಲ ಕಣವ್ವ" ಎಂದೆ.

ಅವನು ತನ್ನ ತೋರುಬೆರಳನ್ನೇ ನೋಡುತ್ತ ನಿಂತ. ನಿನ್ನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಸ್ವಲ್ಪ ಹೊತ್ತಿಗೆ ನೀನು ಮಗಳನ್ನೆತ್ತಿಕೊಂಡು ತವರಿನ ಕಡೆಗೆ ಕೃಷ್ಣರಾಜನಗರದ ಬಸ್ಸು ಹತ್ತಿದೆ, ಅವನು ಹಾರನಹಳ್ಳಿಯ ಕಡೆಗೆ ಪಿರಿಯಾಪಟ್ಟಣದ್ದು. ಸಾಹುಕಾರರು ನನ್ನ ಕೆಲಸ ಮೆಚ್ಚಿ ತಮ್ಮ ಇನ್ನೊಂದು ಕೋವಿಯನ್ನೂ ಕಳಿಸಿಕೊಡುವುದಾಗಿ ಹೇಳಿದರು. ನಾನು ನಕ್ಕೆ, ಮಾದೇವಮ್ಮ. ನಕ್ಕು ಅವರಿಗೆ ಕಾಫಿ ತರಿಸಿದೆ.

ಆಮೇಲೆ ನೀನು ಹಿಂದಿರುಗುತ್ತೀ ಎಂದುಕೊಂಡೆ. ಸಿಟ್ಟು ಇಳಿಯುತ್ತದೆ, ಹಿರಿಯರು ಕೂಡಿಸುತ್ತಾರೆ, ನಾನು ಬಾಯಿ ಬಿಡುವ ಅಗತ್ಯವೇ ಬೀಳುವುದಿಲ್ಲ ಎಂದು — ನೀನು ಬರಲಿಲ್ಲ. ಮಗಳ ಮದುವೆಯ ಧಾರೆಗೆ ಅಪ್ಪನ ಬದಲು ನಿನ್ನ ಒಡಹುಟ್ಟಿದ ಅಣ್ಣ ನಿಂತನೆಂದು ಕೇಳಿದೆ. ಆಗಲೂ ಸುಮ್ಮನಿದ್ದೆ. ಥೂ, ನಾನೂ ಒಬ್ಬ ಮನುಷ್ಯನೇ?

ಮೊನ್ನೆ ಹಾರನಹಳ್ಳಿಗೆ ಹೋದೆ. ಸಿದ್ದಪ್ಪ ಜಗಲಿಯಲ್ಲಿ ಕೂತು ಹೊಗೆಸೊಪ್ಪು ಕಟ್ಟುತ್ತಿದ್ದ. ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾನೆಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕಟ್ಟುವ ಕೈಯನ್ನೂ ನಿಲ್ಲಿಸಲಿಲ್ಲ.

"ನಾನು ಕುಡ್ದಿರ್ನಿಲ್ಲ ಅಂತ ನಂಗೊತ್ತಿಲ್ವಾ? ನಂಗ್ಯಾಕೇಳ್ತೀರಿ? ಓಗಿ, ಅವಳ್ಗೇಳಿ."

ಅದಕ್ಕೇ ಇದನ್ನು ಬರೆದೆ. ಬರೆದರೆ ಸಾಲದೆಂದೂ ಗೊತ್ತು. ಈ ವಾರವೇ ಬರುತ್ತೇನೆ. ನಿನ್ನ ಮಗಳು, ಅಳಿಯ, ಅಣ್ಣ — ಎಲ್ಲರೂ ಇರುವಾಗಲೇ ಬಾಯಿಬಿಟ್ಟು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ನಿಂತು ಹೇಳುತ್ತೇನೆ.